ಬಾರಾಪೇಡೆಯ ಗವಿಯೂ ಬಾವಲಿಯ ದನಿಯೂ

ಅಮರಸಿಂಹನು ತನ್ನ ಕೋಶದ ಸಿಂಹಾದಿವರ್ಗದಲ್ಲಿ ಬಾವಲಿಗೆ ಜತುಕಾ, ಅಜಿನಪತ್ರಾ ಎಂದು ಎರಡು ಹೆಸರುಗಳನ್ನು ಹೇಳಿರುವನು. ಅಜಿನವೆಂದರೆ ತೊಗಲು, ಪತ್ರವೆಂದರೆ ರೆಕ್ಕೆ. ಕೃಷ್ಣಾತೀರದ ಒಕ್ಕಲಿಗನು ಅಮರಕೋಶವನ್ನು ಬಾಯಿಪಾಠ ಮಾಡಿದವನಲ್ಲ. ಆದರೂ ಅವನು ಈ ಪ್ರಾಣಿಯನ್ನು ಕರೆಯುವುದು ತೊಗಲಬಾವಲಿಯೆಂದೇ. ಪಂಡಿತನೂ ರೈತನೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಗುರುತನ್ನು ಹಿಡಿದರೆಂಬುದು ಗಮನಿಸತಕ್ಕ ಸಂಗತಿಯಾಗಿದೆ. ಕಣ್ಣಿಗೆ ಬೀಳುವುದು ತೊಗಲು. ಹೆಸರೂ ತೊಗಲಿನಿಂದಲೇ ಹುಟ್ಟಿತು. ಪಶ್ಚಿಮದ ಪ್ರಾಣಿಶಾಸ್ತ್ರಜ್ಞರೂ ಬಹುಕಾಲ ಇದೇ ದಾರಿಯನ್ನು ತುಳಿದರು. ತೊಗಲನ್ನು ಸುಲಿದು ಒಣಗಿಸಿ, ತಲೆಬುರುಡೆಯನ್ನು ಬಿಡಿಸಿ, ಹಲ್ಲುಗಳನ್ನೆಣಿಸಿ, ಮುಂಗೈಯ ಎಲುಬನ್ನಳೆದು, ಇದು ಇಂಥ ಜಾತಿಯೆಂದು ಅವರು ನಿರ್ಣಯಿಸುತ್ತಿದ್ದರು. ಬಾವಲಿಯ ದನಿಯು ಜಾತಿಜಾತಿಗೂ ಬೇರೆಯಾಗಿರುವುದೆಂದೂ, ಕತ್ತಲಲ್ಲಿ ಹಾರಿಹೋಗುವ ಪ್ರಾಣಿಯನ್ನು ಮುಟ್ಟದೆಯೇ ಅದರ ಜಾತಿಯನ್ನು ಹೇಳಬಹುದೆಂದೂ ಮನುಷ್ಯನಿಗೆ ತಿಳಿದುದು ತೀರ ಈಚೆಗೆ. ಆ ಅರಿವಿನ ಇತಿಹಾಸದಲ್ಲಿ ಬೆಳಗಾವಿ ಜಿಲ್ಲೆಯ ಒಂದು ಗವಿಗೆ ಸ್ಥಾನವುಂಟು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಬಾವಲಿಯು ಅಪರೂಪದ ಪ್ರಾಣಿಯಲ್ಲ. ದೀಪ ಹಚ್ಚುವ ಹೊತ್ತಿಗೆ ಊರಹೊರಗಿನ ಆಲದ ಮರದಿಂದ ದೊಡ್ಡ ಬಾವಲಿಗಳು ಹೊರಡುವುದನ್ನೂ, ಪಾಳುವಾಡೆಯ ತೊಲೆಗಳ ಸಂದಿನಿಂದ ಗುಬ್ಬಿಗಿಂತ ಸಣ್ಣವು ಸರ್ರನೆ ಹೊರಬಿದ್ದು ಅಂಗಳದ ಹುಳುಗಳನ್ನು ಹಿಡಿಯುವುದನ್ನೂ ಕಾಣದವರು ವಿರಳ. ನಿಪ್ಪಾಣಿಯ ಕಡೆ ಮರಾಠಿ ಮಾತಾಡುವವರು ಇದನ್ನು ವಟವಾಘೂಳವೆನ್ನುವರು. ಕನ್ನಡದಲ್ಲಿ ಕಣ್ಣಕಪ್ಪಡಿಯೆಂಬ ಇನ್ನೊಂದು ಹೆಸರೂ ಇರುವುದು. ಹೆಸರುಗಳು ಇಷ್ಟಿದ್ದರೂ ಅವು ಕುಲವನ್ನು ಹೇಳುವವೇ ಹೊರತು ಕುಲದೊಳಗಿನ ಜಾತಿಗಳನ್ನು ಬಿಡಿಸಿ ಹೇಳುವವಲ್ಲ. ಭಾರತದಲ್ಲಿರುವ ಬಾವಲಿಗಳ ಜಾತಿಗಳೋ 120ಕ್ಕೂ ಹೆಚ್ಚು. ಕಬ್ಬಿನ ಸೀಮೆಯವರಿಗೆ ಒಂದು ಮಾತನ್ನು ಇಲ್ಲಿಯೇ ನೆನಪಿಸಬಹುದು: ಬೆಲ್ಲವನ್ನು ಕದ್ದವನು ವಾಗ್ಗುದವಾಗಿ ಹುಟ್ಟುವನೆಂದು ಮನುಸ್ಮೃತಿಯ ಹನ್ನೆರಡನೆಯ ಅಧ್ಯಾಯದಲ್ಲಿದೆ, ವಾಗ್ಗುದವೆಂದರೆ ದೊಡ್ಡ ಬಾವಲಿಯೆಂದು ಅರ್ಥಮಾಡಿದವರುಂಟು. ಹಣ್ಣು ತಿನ್ನುವ ಬಾವಲಿಗೆ ಸಿಹಿಯ ಆಸೆಯಿದೆಯೆಂಬುದನ್ನು ಪೂರ್ವಿಕರು ಕಂಡಿದ್ದರೆಂಬಷ್ಟನ್ನು ಅದರಿಂದ ಊಹಿಸಿದರೆ ತಪ್ಪಾಗದು.

ಈ ಐದು ಊರುಗಳು ಜಿಲ್ಲೆಯ ಬಡಗಣ ಬಯಲಿನಲ್ಲಿವೆ. ಜಿಲ್ಲೆಯ ತೆಂಕಣ-ಪಡುವಣ ಮೂಲೆಯಲ್ಲಿರುವ ಖಾನಾಪುರ ತಾಲೂಕು ಬೇರೆಯದೇ ಲೋಕ. ಅಥಣಿಯ ರೈತನು ಮೋಡದ ದಾರಿಯನ್ನು ಕಾಯುತ್ತಿರುವಾಗ ಖಾನಾಪುರದ ಕಾಡಿನಲ್ಲಿ ಮಳೆಯು ವಾರಗಟ್ಟಲೆ ಬಿಡುವುದಿಲ್ಲ. ಆ ಕಾಡಿನೊಳಗೆ ತಳೇವಾಡಿಯೆಂಬ ಸಣ್ಣ ಹಳ್ಳಿಯಿರುವುದು. ಅದರ ಸಮೀಪದಲ್ಲಿ ಬಾರಾಪೇಡೆಯ ಗವಿಗಳಿರುವವು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸಾಯಿಟಿಯು 1911ರಲ್ಲಿ ಹಿಂದುಸ್ಥಾನದ ಸಸ್ತನಿಗಳನ್ನೆಲ್ಲ ಸಂಗ್ರಹಿಸಿ ಪಟ್ಟಿಮಾಡುವ ದೊಡ್ಡ ಕಾರ್ಯವನ್ನು ಕೈಗೊಂಡಿತು. ಮುಂಬಯಿ ಇಲಾಖೆಯ ಅರಣ್ಯಖಾತೆಯಲ್ಲಿ ಸೇವೆಮಾಡಿದ್ದ ರಾಬರ್ಟ್ ಚಾರ್ಲ್ಸ್ ರಾಟನ್ ಎಂಬ ಸಾಹೇಬರು ಆ ಕಾರ್ಯಕ್ಕೆ ಮುಖ್ಯ ಪ್ರೇರಕರು. ಸಂಗ್ರಾಹಕರು ಊರೂರು ಅಲೆದು ತೊಗಲುಗಳನ್ನೂ ಬುರುಡೆಗಳನ್ನೂ ಕಟ್ಟಿ ಕಳಿಸುವರು. ಲಂಡನ್ನಿನ ವಸ್ತುಸಂಗ್ರಹಾಲಯದ ಪಂಡಿತರು ಅವನ್ನು ಪರೀಕ್ಷಿಸಿ ಹೆಸರಿಡುವರು.

ಆ ಸಂಗ್ರಾಹಕರಲ್ಲಿ ಸ್ಟಾನ್ಲಿ ಹೆನ್ರಿ ಪ್ರೇಟರರು ಒಬ್ಬರು. ನೀಲಗಿರಿಯಲ್ಲಿ 1890ರಲ್ಲಿ ಹುಟ್ಟಿದ ಇವರಿಗೆ ಆಗ ಇಪ್ಪತ್ತೆರಡರ ಪ್ರಾಯ. ಮುಂದೆ ಇವರು ಸೊಸಾಯಿಟಿಯ ಕ್ಯುರೇಟರರಾಗಿ, ಹಿಂದುಸ್ಥಾನದ ಪ್ರಾಣಿಗಳನ್ನು ಕುರಿತು 1948ರಲ್ಲಿ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದರು; ನಮ್ಮ ರಾಜ್ಯಾಂಗಸಭೆಯಲ್ಲಿ ಆಂಗ್ಲೋ-ಇಂಡಿಯನ್ ಸಮಾಜದ ಪ್ರತಿನಿಧಿಯಾಗಿಯೂ ಕುಳಿತರು. ಆದರೆ 1912ರಲ್ಲಿ ಅವರು ಕೇವಲ ಬಲೆಯನ್ನೂ ಕಂದೀಲನ್ನೂ ಹಿಡಿದ ತರುಣರು. ಬಾರಾಪೇಡೆಯ ಗವಿಯಲ್ಲಿ ಅವರಿಗೆ ಸಿಕ್ಕ ಬಾವಲಿಯನ್ನು ಲಂಡನ್ನಿನಲ್ಲಿ ಓಲ್ಡ್‌ಫೀಲ್ಡ್ ಥಾಮಸರು ಬಿಚ್ಚಿ ನೋಡಿದರು. ಥಾಮಸರು ತಮ್ಮ ಆಯುಷ್ಯದಲ್ಲಿ ಸುಮಾರು 2,000 ಸಸ್ತನಿಗಳಿಗೆ ಹೆಸರಿಟ್ಟವರು. ಹೊಸದೊಂದು ತೊಗಲನ್ನು ಕಂಡು ಸುಲಭವಾಗಿ ಬೆರಗಾಗತಕ್ಕವರಲ್ಲ. ಆದರೂ ಈ ಬಾವಲಿಯನ್ನು ವಿಲಕ್ಷಣವೆಂದೇ ಅವರು ಬಣ್ಣಿಸಿದರು. ಅದರ ಕಿವಿಗಳು ದೊಡ್ಡವು. ಮೂತಿಯ ಮೇಲೆ ಮುಂದಕ್ಕೆ ಬಾಗಿ ನಡುವೆ ಒಂದಕ್ಕೊಂದು ಕೂಡಿಕೊಂಡಿರುವವು. ಕಂದುಬಣ್ಣದ ಮೈಗೆ ಮಕಮಲ್ಲಿನ ನುಣುಪು; ಕುತ್ತಿಗೆಯ ಹಿಂದೆ ಹೆಗಲಮೇಲೆ ಉತ್ತರೀಯ ಹೊದಿಸಿದಂತೆ ಮಾಸಲುಬಿಳುಪಿನ ಪಟ್ಟಿ; ಪಕ್ಕೆಗಳುದ್ದಕ್ಕೂ ತೆಳ್ಳನೆಯ ಬಿಳಿಯ ಅಂಚು. ಬಾಲವು ತೊಗಲಿನ ಪೊರೆಯನ್ನು ದಾಟಿ ಹೊರಚಾಚಿರುವುದು. 1913ರಲ್ಲಿ ಥಾಮಸರು ಇದಕ್ಕೆ ರಾಟನ್ ಸಾಹೇಬರ ಹೆಸರನ್ನಿಟ್ಟು, ಅದೇ ವರ್ಷ ಒಟೋಮಾಪ್ಸ್ ಎಂಬ ಹೊಸ ಕುಲವನ್ನೇ ಕಟ್ಟಿ ಅದರಲ್ಲಿ ಸೇರಿಸಿದರು. ಒಟೋಮಾಪ್ಸ್ ರಾಟನಿ ಎಂಬ ಶಾಸ್ತ್ರೀಯ ಹೆಸರಿನ ಜನ್ಮಸ್ಥಳವು ಹೀಗೆ ಬೆಳಗಾವಿಯ ಕಾಡಾಯಿತು. ಮುಂದೆ ಸುಮಾರು ಎಂಬತ್ತೆಂಟು ವರ್ಷಗಳ ಕಾಲ, ಇಡೀ ಭೂಮಂಡಲದಲ್ಲಿ ಈ ಬಾವಲಿಯು ಬಾರಾಪೇಡೆಯ ಹೊರತು ಬೇರೆಲ್ಲಿಯೂ ಶಾಸ್ತ್ರಜ್ಞರಿಗೆ ಸಿಕ್ಕಲಿಲ್ಲ.

ಪ್ರೇಟರರು ಆ ಗವಿಯನ್ನು ಹೊಕ್ಕ ವರ್ಷದಲ್ಲಿಯೇ ಭೂಮಿಯ ಇನ್ನೊಂದು ಕಡೆ ಬಾವಲಿಯ ವಿಷಯದಲ್ಲಿ ಮತ್ತೊಂದು ಮಾತು ಹೊರಬಿದ್ದಿತು. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಹಿಮಗುಡ್ಡಕ್ಕೆ ತಾಗಿ ಮುಳುಗಿತಷ್ಟೆ. ಮೆಷಿನ್‌ಗನ್ನನ್ನು ಕಂಡುಹಿಡಿದು ಹೆಸರಾಗಿದ್ದ ಹೈರಮ್ ಮ್ಯಾಕ್ಸಿಮರು, ಕತ್ತಲಲ್ಲಿ ಬಾವಲಿಯು ಗೋಡೆಗೆ ತಾಗದೆ ಹಾರುವಂತೆ ಹಡಗೂ ದನಿಯನ್ನು ಹೊರಡಿಸಿ ಅದರ ಮರುದನಿಯಿಂದ ಎದುರಿನ ಅಪಾಯವನ್ನರಿಯಬಹುದೆಂದು ಸೂಚಿಸಿದರು. ಬಾವಲಿಯ ರೆಕ್ಕೆಬಡಿತದ ಮಂದ್ರಧ್ವನಿಯೇ ಆ ಕೆಲಸ ಮಾಡುವುದೆಂದು ಅವರು ಎಣಿಸಿದ್ದರು. ಅದು ತಪ್ಪೆಣಿಕೆ. ಆದರೆ ಮರುದನಿಯಿಂದ ದಾರಿಯರಿಯುವುದೆಂಬ ಮೂಲದ ಊಹೆ ಸರಿಯಾಗಿದ್ದಿತು.

ಈ ಪ್ರಶ್ನೆಯು ಮ್ಯಾಕ್ಸಿಮರಿಗಿಂತ ನೂರಿಪ್ಪತ್ತು ವರ್ಷ ಹಳೆಯದು. ಇಟಲಿಯ ಪಾವಿಯಾ ವಿದ್ಯಾಪೀಠದಲ್ಲಿದ್ದ ಲಾಜರೊ ಸ್ಪಲ್ಲಾಂಜಾನಿಯೆಂಬ ಪಾದ್ರಿ-ವಿಜ್ಞಾನಿಯು 1793ರಲ್ಲಿ ಕೋಣೆಯ ದೀಪವನ್ನಾರಿಸಿದಾಗ ಗೂಬೆಯು ಗೋಡೆಗೆ ತಾಗಿದುದನ್ನೂ ಬಾವಲಿಯು ತಾಗದುದನ್ನೂ ಕಂಡನು. ಬಾವಲಿಗಳ ಕಣ್ಣು ತೆಗೆದು ಬಿಟ್ಟನು. ಅವು ಮೊದಲಿನಂತೆಯೇ ಹಾರಿದವು. ಕೆಲವು ದಿನಗಳ ಮೇಲೆ ಆ ಕುರುಡು ಬಾವಲಿಗಳನ್ನು ಅಲ್ಲಿಯ ಚರ್ಚಿನ ಗಂಟೆಗೋಪುರದಲ್ಲಿ ಮತ್ತೆ ಹಿಡಿದು ನೋಡಲು, ಕಣ್ಣಿದ್ದವುಗಳಂತೆಯೇ ಅವುಗಳ ಹೊಟ್ಟೆಯೂ ಹುಳುಗಳಿಂದ ತುಂಬಿದ್ದಿತು. ಈ ಪ್ರಯೋಗದ ಕ್ರೌರ್ಯವನ್ನು ಓದುವಾಗ ಮನಸ್ಸು ಕಹಿಯಾಗುವುದು. ಆದರೆ ಅದರಿಂದ ಹೊರಟ ಪ್ರಶ್ನೆಯನ್ನು ಬಿಡಲಾಗದು. ಜಿನೀವಾದ ಶಸ್ತ್ರವೈದ್ಯ ಲೂಯಿ ಜುರಿನ್ ಎಂಬವನು ಕಿವಿಗಳನ್ನು ಮುಚ್ಚಿ ನೋಡಿದನು. ಬಾವಲಿಗಳು ಕಂಡಕಂಡದ್ದಕ್ಕೆ ತಾಗಿ ಬಿದ್ದವು. ಸ್ಪಲ್ಲಾಂಜಾನಿಯು ಇನ್ನೂ ಮುಂದುವರಿದು ಕಿವಿಗಳಲ್ಲಿ ಹಿತ್ತಾಳೆಯ ಸಣ್ಣ ಕೊಳವೆಗಳನ್ನಿಟ್ಟನು. ಕೊಳವೆ ತೆರೆದಿರುವಾಗ ಹಾರಾಟ ಸರಿ; ಮುಚ್ಚಿದಾಗ ತಪ್ಪು. ಕಿವಿಯೇ ದಾರಿ ತೋರುವುದೆಂಬುದು ಇದಕ್ಕಿಂತ ಸ್ಪಷ್ಟವಾಗಿ ಸಿದ್ಧವಾಗುವುದು ಹೇಗೆ? ಆದರೆ ಮನುಷ್ಯರ ಕಿವಿಗೆ ಬಾವಲಿಯ ಹಾರಾಟವು ಮೌನ. ಮೌನದಲ್ಲಿ ಕಿವಿಯೇನು ಕೇಳುವುದು? ಈ ಒಂದು ಆಕ್ಷೇಪಕ್ಕೆ ಉತ್ತರವಿರಲಿಲ್ಲ. ಪ್ಯಾರಿಸಿನ ಕ್ಯೂವಿಯೇ ಎಂಬ ಮಹಾಪಂಡಿತನು, ತಾನು ಒಂದು ಪ್ರಯೋಗವನ್ನೂ ಮಾಡದೆ, ಬಾವಲಿಯು ರೆಕ್ಕೆಯ ತೊಗಲಿನ ಸ್ಪರ್ಶದಿಂದ ಎಲ್ಲವನ್ನೂ ಅರಿಯುವುದೆಂದು ತೀರ್ಪುಕೊಟ್ಟನು. ಮತ್ತೆ ತೊಗಲೇ! ಶಬ್ದಪ್ರಮಾಣವಾದಿಗಳೆಂದು ನಮ್ಮ ಶಾಸ್ತ್ರಿಗಳನ್ನು ಹಾಸ್ಯಮಾಡುವವರು, ಯುರೋಪಿನಲ್ಲಿಯೂ ಒಬ್ಬ ದೊಡ್ಡ ಮನುಷ್ಯನ ಮಾತಿನಿಂದ ಪ್ರತ್ಯಕ್ಷಪ್ರಮಾಣವು ನೂರು ವರ್ಷಕ್ಕೂ ಮೀರಿ ಮೂಲೆಗೆ ಸರಿದ ಈ ಕಥೆಯನ್ನು ಗಮನಿಸಬೇಕು.

ಇಂಗ್ಲೆಂಡಿನ ಹ್ಯಾಮಿಲ್ಟನ್ ಹಾರ್ಟ್‌ರಿಜ್ ಎಂಬವರು 1920ರಲ್ಲಿ ಗಂಟನ್ನು ಸ್ವಲ್ಪ ಸಡಿಲಿಸಿದರು: ಬಾವಲಿಯು ಕೂಗುವುದು, ಆದರೆ ಮನುಷ್ಯನಿಗೆ ಕೇಳಿಸದಷ್ಟು ತಾರಸ್ಥಾಯಿಯಲ್ಲಿ ಕೂಗುವುದು ಎಂದರು. ಅದನ್ನು ಕೇಳಿಸಿಕೊಟ್ಟುದು ಯಂತ್ರ. ಅಮೆರಿಕೆಯ ಹಾರ್ವರ್ಡ್ ವಿದ್ಯಾಪೀಠದಲ್ಲಿ ಪಿಯರ್ಸ್ ಎಂಬ ಭೌತಶಾಸ್ತ್ರದ ಆಚಾರ್ಯರು ಅತಿತಾರ ಶಬ್ದಗಳನ್ನು ಮನುಷ್ಯನಿಗೆ ಕೇಳಿಸುವ ಮಟ್ಟಕ್ಕೆ ಇಳಿಸುವ ಯಂತ್ರವೊಂದನ್ನು ಮಾಡಿದ್ದರು. 1938ರಲ್ಲಿ ಡೊನಾಲ್ಡ್ ಗ್ರಿಫಿನ್ ಎಂಬ ವಿದ್ಯಾರ್ಥಿಯು ಕೆಲವು ಬಾವಲಿಗಳನ್ನು ಪಂಜರದಲ್ಲಿ ಹಾಕಿಕೊಂಡು ಅವರಲ್ಲಿಗೆ ಹೋಗಲು, ಮೌನವೆನಿಸಿದ್ದ ಪಂಜರದಿಂದ ಯಂತ್ರದಲ್ಲಿ ದನಿಗಳ ಸುರಿಮಳೆಯೇ ಕೇಳಿಸಿತು. ಗ್ರಿಫಿನ್ನರೂ ರಾಬರ್ಟ್ ಗಾಲಂಬೋಸರೂ ಸೇರಿ ಬಾಯಿಯನ್ನು ಕಟ್ಟಿದರೂ ಕಿವಿಯನ್ನು ಮುಚ್ಚಿದರೂ ಬಾವಲಿಯು ಎದುರಿಗೆ ಕಟ್ಟಿದ ತಂತಿಗಳಿಗೆ ತಾಗುವುದೆಂದು ತೋರಿಸಿ 1941ರಲ್ಲಿ ಪ್ರಕಟಿಸಿದರು. ಯುದ್ಧದ ಕತ್ತಲಲ್ಲಿದ್ದ ಹಾಲೆಂಡಿನಲ್ಲಿ ಸ್ವೆನ್ ಡೈಕ್‌ಗ್ರಾಫ್ ಎಂಬವರು ಇದೇ ತೀರ್ಮಾನಕ್ಕೆ ಬೇರೆ ದಾರಿಯಿಂದ ಬಂದರು. ಮರುದನಿಯಿಂದ ಸ್ಥಾನವನ್ನರಿಯುವ ಈ ವಿದ್ಯೆಗೆ 1944ರಲ್ಲಿ ಗ್ರಿಫಿನ್ನರು ಎಕೋಲೊಕೇಶನ್ ಎಂದು ಹೆಸರಿಟ್ಟರು. ಪ್ರತಿಧ್ವನಿಯಿಂದ ಆಗುವ ಸ್ಥಾನನಿರ್ಣಯವೆಂದು ಅದನ್ನು ನಮ್ಮ ಮಾತಿನಲ್ಲಿ ಹೇಳಬಹುದು.

ಬಾವಲಿಯು ಕೂಗುವುದೆಂಬುದು ತಿಳಿದ ಮೇಲೆ, ಯಾವ ಬಾವಲಿ ಹೇಗೆ ಕೂಗುವುದೆಂಬ ಪ್ರಶ್ನೆ ತಾನಾಗಿ ಹುಟ್ಟಿತು. ಇದಕ್ಕೆ ಉತ್ತರವನ್ನರಿಯಲು ದನಿಯ ಲೆಕ್ಕವು ಸ್ವಲ್ಪ ಬೇಕು. ಎಳೆಯ ಕಿವಿಯುಳ್ಳ ಮನುಷ್ಯನಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ದನಿ ಕೇಳುವುದು. ಸಾವಿರ ಕಂಪನಗಳಿಗೆ ಒಂದು ಕಿಲೋಹರ್ಟ್ಸ್ ಎಂದು ಹೆಸರು; ಆದುದರಿಂದ ನಮ್ಮ ಮೇರೆ 20 ಕಿಲೋಹರ್ಟ್ಸ್. ಹುಳು ತಿನ್ನುವ ಬಾವಲಿಗಳಲ್ಲಿ ಬಹುಪಾಲು ಈ ಮೇರೆಗೆ ಮೇಲೆಯೇ, ಕೆಲವು 100 ಕಿಲೋಹರ್ಟ್ಸಿಗೂ ಮೇಲೆ ಕೂಗುವವು. ಗಾಳಿಯಲ್ಲಿ ದನಿಯು ಸೆಕೆಂಡಿಗೆ ಸುಮಾರು 340 ಮೀಟರು ಓಡುವುದರಿಂದ 100 ಕಿಲೋಹರ್ಟ್ಸಿನ ಒಂದೊಂದು ಅಲೆಯ ಉದ್ದವು 3.4 ಮಿಲಿಮೀಟರು ಮಾತ್ರ. ಸಣ್ಣ ಸೊಳ್ಳೆಯ ಮೈಯಿಂದಲೂ ಅದು ಮರಳಿ ಬರಬಲ್ಲುದು. ಆದರೆ ಅಂಥ ತಾರಧ್ವನಿಯು ಗಾಳಿಯಲ್ಲಿ ಬೇಗನೆ ಸವೆದುಹೋಗುವುದು. ಮಂದ್ರಧ್ವನಿಯು ದೂರ ಹೋಗುವುದು, ಆದರೆ ಸೂಕ್ಷ್ಮವನ್ನು ತಿಳಿಸಲಾರದು. ಆದುದರಿಂದ ಪೊದೆಗಳ ನಡುವೆ ಬೇಟೆಯಾಡುವ ಬಾವಲಿಗೆ ತಾರವೂ, ಬಯಲಾಕಾಶದಲ್ಲಿ ಎತ್ತರಕ್ಕೆ ವೇಗವಾಗಿ ಹಾರುವ ಬಾವಲಿಗೆ ಮಂದ್ರವೂ ಒಗ್ಗಿರುವವು.

ದನಿಯ ರೂಪವೂ ಒಂದೇ ತೆರನಲ್ಲ. ಮೂಗಿನ ಮೇಲೆ ಕುದುರೆಲಾಳದ ಆಕಾರದ ತೊಗಲನ್ನುಳ್ಳ ಲಾಳಮೂಗಿನ ಬಾವಲಿಗಳು ತಂಬೂರಿಯ ಶ್ರುತಿಯಂತೆ ಒಂದೇ ಸ್ವರವನ್ನು ಹಿಡಿದು ನಿಲ್ಲಿಸುವವು. ಪತಂಗದ ರೆಕ್ಕೆಯು ಅಲುಗಿದಾಗ ಮರುದನಿಯಲ್ಲಾಗುವ ಸಣ್ಣ ಏರಿಳಿತವು ಆ ನಿಶ್ಚಲ ಸ್ವರದಲ್ಲಿ ಎದ್ದು ಕಾಣುವುದು. ಮನೆಗಳ ಸಂದುಗಳಲ್ಲಿರುವ ಸಣ್ಣ ಪಿಪಿಸ್ಟ್ರೆಲ್ ಬಾವಲಿಗಳದು ಮೇಲಿನಿಂದ ಕೆಳಕ್ಕೆ ಜಾರುವ ಮೀಂಡ. ಬಾಲ ಹೊರಚಾಚಿದ ಬಾವಲಿಗಳದು ತಗ್ಗಿನ ಸ್ವರದಲ್ಲಿ, ನಡುನಡುವೆ ದೀರ್ಘ ವಿರಾಮ ಬಿಟ್ಟು ಬರುವ ಕೂಗು. ಬೇಟೆ ಹತ್ತಿರವಾದಂತೆ ಎಲ್ಲವುಗಳ ಕೂಗೂ ದ್ರುತಕ್ಕೆ ಏರುವುದು. ಯಂತ್ರದಲ್ಲಿ ಹಿಡಿದ ದನಿಯನ್ನು ಹತ್ತರಲ್ಲಿ ಒಂದರ ವೇಗಕ್ಕಿಳಿಸಿದರೆ 50 ಕಿಲೋಹರ್ಟ್ಸಿನ ಕೂಗು 5 ಕಿಲೋಹರ್ಟ್ಸಾಗಿ, ಹಕ್ಕಿಯ ಚಿಲಿಪಿಲಿಯಂತೆ ಯಾರಿಗಾದರೂ ಕೇಳುವುದು. ಕಾಲವನ್ನು ಅಡ್ಡಕ್ಕೂ ಕಂಪನವನ್ನು ಉದ್ದಕ್ಕೂ ಇಟ್ಟು ಬರೆದ ಧ್ವನಿಚಿತ್ರವಂತೂ ಹಸ್ತಾಕ್ಷರದಂತೆ ಓದಲು ಬರುವುದು.

ಈ ಹಸ್ತಾಕ್ಷರವನ್ನು ಓದುತ್ತ ಹೋದವರಿಗೆ ತೊಗಲು ಹೇಳದ ಸಂಗತಿಗಳು ಹೊಳೆದವು. ಇಂಗ್ಲೆಂಡಿನ ಮನೆಮನೆಗಳಲ್ಲಿ ಕಾಣುವ ಪಿಪಿಸ್ಟ್ರೆಲ್ ಬಾವಲಿಯೊಂದನ್ನು ನೂರಾರು ವರ್ಷ ಒಂದೇ ಜಾತಿಯೆಂದು ಎಣಿಸಿದ್ದರು. ಅವುಗಳಲ್ಲಿ ಕೆಲವು 45 ಕಿಲೋಹರ್ಟ್ಸಿನಲ್ಲಿಯೂ ಕೆಲವು 55ರಲ್ಲಿಯೂ ಕೂಗುವುದನ್ನು 1993ರಲ್ಲಿ ತೋರಿಸಲಾಯಿತು. ಒಂದೇ ಕಣ್ಣಿಗೆ ಒಂದೇ ಆಗಿ ಕಂಡ ಬಾವಲಿ ಎರಡು ಜಾತಿಯದಾಯಿತು. ನಮ್ಮ ಪಶ್ಚಿಮಘಟ್ಟಗಳಲ್ಲಿಯೂ ಇಂಥದೇ ನಡೆಯಿತು. ರೂ ಎಂಬವರ ಹೆಸರಿನ ಕೆಂಗಂದು ಲಾಳಮೂಗಿನ ಬಾವಲಿಗಳಲ್ಲಿ 80 ಕಿಲೋಹರ್ಟ್ಸಿನ ಸುಮಾರಿಗೆ ಕೂಗುವವೂ 90ರ ಸುಮಾರಿಗೆ ಕೂಗುವವೂ ಬೇರೆ ಬೇರೆಯೆಂದು ದಕ್ಷಿಣಭಾರತದ ಸಂಶೋಧಕರು ದನಿಯನ್ನೂ ವಂಶದ್ರವ್ಯವನ್ನೂ ಹೋಲಿಸಿ 2012ರಲ್ಲಿ ಪ್ರಕಟಿಸಿದರು. ಸುಲಿದ ತೊಗಲಿನಲ್ಲಿ ಈ ಭೇದವು ಸಿಕ್ಕದು. ವಸ್ತುಸಂಗ್ರಹಾಲಯದ ಪೆಟ್ಟಿಗೆಗಳಲ್ಲಿ ಒಂದೇ ಚೀಟಿಯ ಕೆಳಗೆ ಇಬ್ಬರು ಮಲಗಿರುವುದು ಎಷ್ಟು ಕಡೆಯೋ!

ಹೀಗೆ ದನಿಯಿಂದ ಜಾತಿಯನ್ನು ಹೇಳಬೇಕಾದರೆ ಮೊದಲು ದನಿಗಳ ಕೋಶವೊಂದು ಬೇಕು. ಶಬ್ದಕೋಶವಿಲ್ಲದೆ ಪರಭಾಷೆಯ ಗ್ರಂಥವನ್ನೋದಿದಂತೆ, ಧ್ವನಿಕೋಶವಿಲ್ಲದೆ ರಾತ್ರಿಯ ದನಿಗಳನ್ನು ಹಿಡಿದುಕೊಂಡರೆ ಕೈಗೆ ಬರುವುದು ಗೆರೆಗಳು ಮಾತ್ರ. ಕೋಶವನ್ನು ಕಟ್ಟುವ ಬಗೆಯು ಶ್ರಮದ್ದು. ಬಾವಲಿಯನ್ನು ಬಲೆಯಲ್ಲಿ ಹಿಡಿದು, ಅಳತೆಮಾಡಿ, ಜಾತಿಯನ್ನು ಹಳೆಯ ಕ್ರಮದಿಂದಲೇ ನಿಶ್ಚಯಿಸಿ, ಬಿಟ್ಟುಬಿಡುವಾಗ ಅದರ ಕೂಗನ್ನು ಬರೆದುಕೊಳ್ಳಬೇಕು. ಅಥವಾ ಒಂದೇ ಜಾತಿಯಿರುವುದೆಂದು ಖಚಿತವಾದ ಗವಿಯ ಬಾಯಲ್ಲಿ ಸಂಜೆ ಕಾದು ಕುಳಿತಿರಬೇಕು. ಅಂದರೆ ದನಿಯ ಶಾಸ್ತ್ರವು ತೊಗಲಿನ ಶಾಸ್ತ್ರವನ್ನು ಹೊರದೂಡಿ ಬಂದುದಲ್ಲ. ಅದರ ಹೆಗಲನ್ನೇರಿ ನಿಂತುದು. ಪರದೇಶದ ಕೋಶವು ಇಲ್ಲಿಗೆ ಸಾಲದು. ಇಂಗ್ಲೆಂಡಿನ ಹದಿನೆಂಟು ಜಾತಿಗಳ ಕೂಗನ್ನು ಬಲ್ಲವನು ಪಶ್ಚಿಮಘಟ್ಟದಲ್ಲಿ ಅಕ್ಷರಶತ್ರುವೇ ಸರಿ. ಈ ಕಾರಣದಿಂದ 2014ರಲ್ಲಿ ಬಂದ ಎರಡು ಲೇಖನಗಳು ನಮ್ಮ ಪಾಲಿಗೆ ಮಹತ್ತ್ವದವು. ಒಂದರಲ್ಲಿ ಕ್ಲೇರ್ ವರ್ಡ್ಲಿ, ದಿವ್ಯಾ ಮುದ್ದಪ್ಪ, ಮಹೇಶ ಶಂಕರನ್ ಮೊದಲಾದವರು ತಮಿಳುನಾಡಿನ ವಾಲ್ಪಾರೈ ಸೀಮೆಯ ಬಾವಲಿಗಳ ದನಿಗಳನ್ನು ಪಟ್ಟಿಮಾಡಿದರು. ಇನ್ನೊಂದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನಸಂಸ್ಥೆಯ ರೋಹಿಣಿ ಬಾಲಕೃಷ್ಣನ್ನರೂ ಅವರ ಸಂಗಡಿಗರೂ ಕುದುರೆಮುಖದ ಮಳೆಗಾಡಿನ ಬಾವಲಿಗಳ ದನಿವೈವಿಧ್ಯವನ್ನು ಬರೆದರು.

ಮರುವರ್ಷ ಬಾರಾಪೇಡೆಯ ಸರದಿ ಬಂದಿತು. 2015ರಲ್ಲಿ ಕಾದಂಬರಿ ದೇಶಪಾಂಡೆ, ನಚಿಕೇತ ಕೇಳಕರ ಎಂಬಿಬ್ಬರು ಸಂಶೋಧಕರು ಒಟೋಮಾಪ್ಸ್ ರಾಟನಿಯ ಕೂಗನ್ನೂ ಭಾರತದ ಇತರ ಬಾಲಚಾಚು ಬಾವಲಿಗಳ ಕೂಗನ್ನೂ ವರ್ಣಿಸಿ, ಅವನ್ನು ಒಂದರಿಂದೊಂದು ಬೇರ್ಪಡಿಸುವ ಲಕ್ಷಣಗಳನ್ನು ಪ್ರಕಟಿಸಿದರು. ತೊಗಲಿಗೆ 1913ರಲ್ಲಿ ಹೆಸರಾಯಿತು. ದನಿಗೆ ಲಕ್ಷಣ ಹೇಳಲು ಮತ್ತೆ ನೂರೆರಡು ವರ್ಷ ಬೇಕಾಯಿತು. ಇದರಲ್ಲಿ ಒಂದು ವಿನೋದವುಂಟು. ಈ ಬಾವಲಿಯು ಎತ್ತರದ ಬಯಲಿನಲ್ಲಿ ದೂರದೃಷ್ಟಿಯಿಂದ ಬೇಟೆಯಾಡತಕ್ಕದ್ದು. ಅದರ ಕೂಗು 20 ಕಿಲೋಹರ್ಟ್ಸಿಗೆ ಕೆಳಗೇ ಇರುವುದು. ಅಂದರೆ ಮನುಷ್ಯನ ಕಿವಿಗೆ ಯಂತ್ರವಿಲ್ಲದೆಯೇ ಕೇಳಬಲ್ಲ ಕೆಲವೇ ಬಾವಲಿಗಳಲ್ಲಿ ಇದೊಂದು. ಕ್ಯೂವಿಯೇ ಪಂಡಿತನು ಪ್ಯಾರಿಸಿನಲ್ಲಿ ಕುಳಿತು ಬಾವಲಿಯ ಮೌನವನ್ನು ಸಿದ್ಧಾಂತಮಾಡುತ್ತಿದ್ದ ಕಾಲದಲ್ಲಿಯೂ ತಳೇವಾಡಿಯ ಆಕಾಶದಲ್ಲಿ ಆ ಸಿದ್ಧಾಂತಕ್ಕೆ ವಿರುದ್ಧವಾದ ಸಾಕ್ಷಿಯು ದಿನವೂ ಹಾರಾಡುತ್ತಿದ್ದಿತು.

ದನಿಯಿಂದ ಜಾತಿಯನ್ನು ಹೇಳುವುದರಲ್ಲಿ ಅಪಾಯವಿಲ್ಲವೆಂದಲ್ಲ. ಅಯೋಧ್ಯಾಕಾಂಡದಲ್ಲಿ ದಶರಥನು ಕೌಸಲ್ಯೆಗೆ ಹೇಳಿಕೊಳ್ಳುವ ಕಥೆಯನ್ನು ವಾಚಕರು ಬಲ್ಲರು. ಶಬ್ದವೇಧಿಯೆಂದು ಹೆಸರಾಗಿದ್ದ ಅವನು ಸರಯೂತೀರದ ಕತ್ತಲಲ್ಲಿ ಕೊಡ ತುಂಬುವ ದನಿಯನ್ನು ಕೇಳಿ ಆನೆಯೆಂದು ಬಗೆದು ಬಾಣ ಬಿಟ್ಟನು, ಸತ್ತವನು ತಾಪಸಕುಮಾರ. ಅವನ ಕಿವಿಯೇನೂ ಕೆಟ್ಟಿರಲಿಲ್ಲ, ದನಿಯನ್ನು ಸರಿಯಾಗಿಯೇ ಕೇಳಿದನು. ಆ ದನಿಯನ್ನು ಎರಡು ಬೇರೆ ವಸ್ತುಗಳು ಮಾಡಬಲ್ಲವೆಂಬುದನ್ನು ಎಣಿಸಲಿಲ್ಲ. ಬಾವಲಿಯ ಶಾಸ್ತ್ರದಲ್ಲಿಯೂ ತಪ್ಪು ನಡೆಯುವುದು ಇಲ್ಲಿಯೇ. ಒಂದೇ ಬಾವಲಿಯು ಬಯಲಿನಲ್ಲಿ ಒಂದು ತೆರನಾಗಿಯೂ ಮರಗಳ ನಡುವೆ ಇನ್ನೊಂದು ತೆರನಾಗಿಯೂ ಕೂಗುವುದು. ಎರಡು ಜಾತಿಗಳ ಕೂಗುಗಳು ಒಂದರಮೇಲೊಂದು ಬೀಳುವುದುಂಟು. ಪಿಪಿಸ್ಟ್ರೆಲ್ ಬಾವಲಿಗಳಲ್ಲಂತೂ ಇದು ಸಾಮಾನ್ಯ. ದನಿಯನ್ನು ಕೊಟ್ಟೊಡನೆ ಹೆಸರನ್ನು ಉಗುಳುವ ಗಣಕಯಂತ್ರದ ಲೆಕ್ಕಾಚಾರಗಳು ಈಚೆಗೆ ಬಂದಿರುವವು. ಅವುಗಳಿಗೆ ಯಾವ ಕೋಶವನ್ನು ಕಲಿಸಿದ್ದಾರೆಂಬುದನ್ನು ಕೇಳದೆ ಅವುಗಳ ಉತ್ತರವನ್ನು ನಂಬುವುದು ಕತ್ತಲಲ್ಲಿ ಬಾಣ ಬಿಟ್ಟಂತೆಯೇ. ಇನ್ನು ಕೆಲವು ಬಾವಲಿಗಳು ಯಂತ್ರಕ್ಕೆ ಸಿಕ್ಕುವುದೇ ಕಷ್ಟ. ಪಾಳುಕಟ್ಟಡಗಳಲ್ಲಿ ವಾಸಿಸಿ ಇಲಿ, ಕಪ್ಪೆಗಳನ್ನೂ ಹಿಡಿಯುವ ಮೆಗಡರ್ಮ ಬಾವಲಿಯದು ಪಿಸುಮಾತು. ಕೆಲವು ಮಾರು ದೂರದಿಂದಲೇ ಅದು ಕಳೆದುಹೋಗುವುದು. ಆಲದ ಮರದ ದೊಡ್ಡ ಬಾವಲಿಯೋ, ಸಂಜೆ ಎಷ್ಟು ಜಗಳಾಡಿ ಕಿರಿಚಿದರೂ, ದಾರಿಯರಿಯಲು ದನಿಯನ್ನು ಬಳಸುವುದಿಲ್ಲ. ಅದು ಕಣ್ಣಿನಿಂದಲೂ ಮೂಗಿನಿಂದಲೂ ನಡೆಯುವ ಪ್ರಾಣಿ. ಅದನ್ನರಿಯಲು ಒಕ್ಕಲಿಗನ ಕಣ್ಣೇ ಸಾಕು.

ಇಷ್ಟೆಲ್ಲ ಇದ್ದರೂ ಬಾರಾಪೇಡೆಯ ವಿಷಯದಲ್ಲಿ ದನಿಯ ದಾರಿಯೇ ಮೇಲೆಂದು ಹೇಳಬೇಕು. ಗವಿಯ ಬಾವಲಿಗಳು ಹಗಲು ಮಲಗಿರುವಾಗ ದೀಪ ಹಿಡಿದು ಒಳಹೊಕ್ಕರೆ ಗುಂಪು ಬೆದರುವುದು. ಮರಿಯಿಟ್ಟ ಕಾಲದಲ್ಲಾದರೆ ಮರಿಗಳು ಕಳಚಿ ಬೀಳುವವು. ಬಾವಲಿಯು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿಯನ್ನು ಹೆರುವ ಪ್ರಾಣಿಯಾದುದರಿಂದ ಆ ನಷ್ಟವು ಬೇಗ ತುಂಬದು. ಥಾಮಸರ ಕಾಲದಲ್ಲಿ ಜಾತಿಯನ್ನು ನಿಶ್ಚಯಿಸಲು ಪ್ರಾಣಿಯನ್ನು ಕೊಲ್ಲದೆ ಗತ್ಯಂತರವಿರಲಿಲ್ಲ. ಈಗ ಗವಿಯ ಬಾಯಿಂದ ದೂರದಲ್ಲಿ ಅಂಗೈಯಗಲದ ಯಂತ್ರವೊಂದನ್ನು ಮರಕ್ಕೆ ಕಟ್ಟಿ ಬಂದರೆ, ರಾತ್ರಿಯೆಲ್ಲ ಯಾರು ಹೊರಟರು, ಯಾವ ಹೊತ್ತಿಗೆ ಹೊರಟರೆಂಬುದನ್ನು ಅದು ಬರೆದಿಡುವುದು. ಹಾದುಹೋದ ಸಾರೆಗಳನ್ನು ಎಣಿಸುವುದೇ ಹೊರತು ತಲೆಗಳನ್ನು ಎಣಿಸುವುದಿಲ್ಲವೆಂಬ ಕೊರತೆ ಅದರಲ್ಲಿದ್ದೇ ಇದೆ. ಆದರೂ ಗುಂಪು ಇದೆಯೋ ಇಲ್ಲವೋ, ಯಾವ ಋತುವಿನಲ್ಲಿ ಇದೆ ಎಂಬುದನ್ನು ಒಂದು ಜೀವವನ್ನೂ ಮುಟ್ಟದೆ ತಿಳಿಯಬಹುದು.

ಇದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ. ಈ ಬಾವಲಿಯು ನಿಜವಾಗಿಯೂ ಅಷ್ಟು ವಿರಳವೇ? 2000ದ ಸುಮಾರಿಗೆ ಅದು ದೂರದ ಕಾಂಬೋಡಿಯದಲ್ಲಿ ಸಿಕ್ಕಿತು. ಅನಂತರ ಮೇಘಾಲಯದಲ್ಲಿ ಸಿಕ್ಕಿತು. ಮೇಘಾಲಯದ ಸುಣ್ಣಕಲ್ಲಿನ ಗವಿಗಳಲ್ಲಿ ಅದರ ಗುಂಪುಗಳೇ ಇರುವುದು 2014ರಲ್ಲಿ ಪ್ರಕಟವಾಯಿತು. ಮೊದಲು ತೀರ ಅಳಿವಿನಂಚಿನದೆಂದು ಎಣಿಸಿದ್ದ ಲೋಕದ ಪ್ರಾಣಿರಕ್ಷಣಾಸಂಘವು ಆಮೇಲೆ ಇದನ್ನು ತಿಳಿವಳಿಕೆ ಸಾಲದ ಜಾತಿಗಳ ಪಟ್ಟಿಗೆ ಸರಿಸಿತು. ಬೆಳಗಾವಿ, ಮೇಘಾಲಯ, ಕಾಂಬೋಡಿಯ ಇವುಗಳ ನಡುವೆ ಸಾವಿರಾರು ಹರಿದಾರಿ ನೆಲವಿದೆ. ಎತ್ತರದಲ್ಲಿ ವೇಗವಾಗಿ ಹಾರುವ ಪ್ರಾಣಿಯನ್ನು ಬಲೆಯು ಹಿಡಿಯಲಾರದು. ಅದು ಆ ನಡುವಿನ ನೆಲದಲ್ಲಿ ಇದೆಯೋ ಇಲ್ಲವೋ ಎಂಬುದನ್ನು ದನಿಯೊಂದೇ ಹೇಳಬೇಕು. ಕೋಲಾರ ಜಿಲ್ಲೆಯ ಹನುಮನಹಳ್ಳಿಯಲ್ಲಿ ಇದರಂತೆಯೇ ಒಂದೇ ಗವಿಗೆ ಸೀಮಿತವಾದ ಎಲೆಮೂಗಿನ ಬಾವಲಿಯುಂಟು. ಕಾಕ್ ಮತ್ತು ಭಟ್ ಎಂಬವರು 1994ರಲ್ಲಿ ಅದನ್ನು ವರ್ಣಿಸಿದರು. ಕಲ್ಲು ಒಡೆಯುವವರ ಸಿಡಿಮದ್ದು ಅದರ ಗವಿಯ ಸಮೀಪಕ್ಕೆ ಬಂದಿದ್ದಿತು. ಒಂದು ಗವಿ ಹೋದರೆ ಒಂದು ಜಾತಿ ಹೋಗುವುದೆಂಬ ಸ್ಥಿತಿಯಲ್ಲಿ, ಅದು ಬೇರೆಲ್ಲಿಯಾದರೂ ಕೂಗುತ್ತಿದೆಯೇ ಎಂದು ಕಿವಿಗೊಡುವುದು ಪಂಡಿತರ ವಿಲಾಸವಾಗಿ ಉಳಿಯದು.

ಕಾಯಿದೆಯ ದೃಷ್ಟಿಯಿಂದ ಬಾರಾಪೇಡೆಯ ಬಾವಲಿಯು ಅದೃಷ್ಟಶಾಲಿ. ಹಣ್ಣುತಿನ್ನುವ ಬಾವಲಿಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇಲಿ, ಕಾಗೆಗಳ ಸಾಲಿನಲ್ಲಿ ಪೀಡಕಪ್ರಾಣಿಗಳೆಂದು ಎಣಿಸಿದ್ದಿತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯೇ ಹೋಯಿತು. ಆ ದೀರ್ಘಕಾಲದಲ್ಲಿ ಬಾವಲಿಗಳ ಪೈಕಿ ಒಂದನೆಯ ಅನುಸೂಚಿಯ ಮಾನವನ್ನು ಪಡೆದ ಎರಡೇ ಎರಡು ಜಾತಿಗಳಲ್ಲಿ ಒಟೋಮಾಪ್ಸ್ ರಾಟನಿಯು ಒಂದು. 2011ರಲ್ಲಿ ಅದರ ಗವಿಯೂ ಸುತ್ತಲ ಕಾಡೂ, ಶಿವಾಜಿಯ ಕಾಲದ ದುರ್ಗದ ಹೆಸರಿನಿಂದ, ಭೀಮಗಡ ವನ್ಯಜೀವಿಧಾಮದೊಳಗೆ ಸೇರಿದವು. ಅರಣ್ಯಖಾತೆಯ ಅಪ್ಪಣೆಯಿಲ್ಲದೆ ಅಲ್ಲಿಗೆ ಹೋಗತಕ್ಕದ್ದಲ್ಲ. ಚಿಕ್ಕೋಡಿ-ಅಥಣಿಯ ಬಾವಲಿಗಳಿಗೆ ಅಂಥ ಧಾಮವಿಲ್ಲ. ಹಳೆಯ ಬಾವಿಗಳನ್ನು ಹೂಳುವರು, ವಾಡೆಗಳನ್ನು ಕೆಡವುವರು, ರಸ್ತೆಯ ಅಗಲಕ್ಕಾಗಿ ಆಲದ ಮರಗಳನ್ನು ಕಡಿಯುವರು. ಕಬ್ಬು, ಹೊಗೆಸೊಪ್ಪುಗಳ ಹುಳುಗಳಿಗಾಗಿ ಔಷಧವನ್ನು ಕೊಂಡು ಸಿಂಪಡಿಸುವರು, ಹುಳುಗಳನ್ನು ಕೂಲಿಯಿಲ್ಲದೆ ತಿನ್ನುವವರ ವಸತಿಯನ್ನು ಮಾತ್ರ ಉಳಿಸರು. ರಾಯಬಾಗದ ಬಾವಿಯೊಂದರಲ್ಲಿ ಇರುವವು ಯಾವ ಜಾತಿಯವು, ಕಾಗವಾಡದ ಹೊಲದ ಮೇಲೆ ರಾತ್ರಿ ಹಾರುವವು ಎಷ್ಟು ಬಗೆಯವು ಎಂಬುದನ್ನು ಬರೆದಿಡಲು ಈಗ ಬಂದೂಕು ಬೇಡ, ಬಲೆ ಬೇಡ. ಒಂದು ಯಂತ್ರ, ಒಂದು ವರ್ಷದ ತಾಳ್ಮೆ, ಕೋಶವನ್ನು ಬಲ್ಲವರ ಒಂದು ಸಲಹೆ ಸಾಕು. ಕಾಲೇಜುಗಳಿರುವ ಊರುಗಳಿಗೆ ಇದು ಮಿತಿಮೀರಿದ ಭಾರವಲ್ಲ.

ಬಾರಾಪೇಡೆಯ ಬಾವಲಿಗಾದರೋ ಯಂತ್ರವೂ ಬೇಕೆಂದಿಲ್ಲವೆಂದು ಮೇಲೆ ಹೇಳಿತು. ಆದರೆ ಮನುಷ್ಯನ ಕಿವಿಯು ವಯಸ್ಸಾದಂತೆ ಮೇಲಿನಿಂದ ಮುಚ್ಚುತ್ತ ಬರುವುದು. ಅರವತ್ತು ದಾಟಿದವರಿಗೆ ಬಹುಮಟ್ಟಿಗೆ 10-12 ಕಿಲೋಹರ್ಟ್ಸಿನ ಮೇಲೆ ಕೇಳಿಸದು. ಅಪ್ಪಣೆ ಪಡೆದು ತಳೇವಾಡಿಯ ಕಾಡಿನಂಚಿನಲ್ಲಿ ಸಂಜೆ ನಿಂತ ಅಜ್ಜನೂ ಮೊಮ್ಮಗನೂ ಒಂದೇ ಆಕಾಶವನ್ನು ನೋಡುತ್ತಿದ್ದರೂ, ತಲೆಯ ಮೇಲೆ ಬಹಳ ಎತ್ತರದಲ್ಲಿ ಟಿಕ್ ಟಿಕ್ ಎಂದು ಬಿಟ್ಟುಬಿಟ್ಟು ಹಾದುಹೋಗುವ ಆ ದನಿಯು ಹುಡುಗನಿಗೆ ಮಾತ್ರ ಕೇಳುವುದು.